ಗಾಳಿಗೆ ಅಂಟಿದ ಕಲ್ಲಿದ್ದಲಿನ ಗುರುತು

ಹವಾಯಿ ದ್ವೀಪದ ಮೌನಾ ಲೋವಾ ಜ್ವಾಲಾಮುಖಿ ಪರ್ವತದ ಮೇಲೆ, ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿ ಒಂದು ವೀಕ್ಷಣಾಲಯವಿದೆ. ಸುತ್ತಲೂ ಕಪ್ಪು ಲಾವಾ ಬಂಡೆ. ಗಿಡಮರವಿಲ್ಲ, ಕಾರ್ಖಾನೆಯಿಲ್ಲ, ಹತ್ತಿರದಲ್ಲಿ ಊರೂ ಇಲ್ಲ. ಇಲ್ಲಿ ಗಾಳಿಯ ಮಾದರಿ ಹಿಡಿಯುವುದಕ್ಕೆ ಒಂದು ಕ್ರಮವಿದೆ. ಒಳಗಿನ ಗಾಳಿಯನ್ನೆಲ್ಲ ತೆಗೆದ ಗಾಜಿನ ಬುರುಡೆಯನ್ನು ಕೈಯಲ್ಲಿ ಹಿಡಿದು, ಗಾಳಿ ಬರುವ ಕಡೆಗೆ ಮುಖ ಮಾಡಿ, ಉಸಿರು ಬಿಗಿಹಿಡಿದು ಕೆಲವು ಹೆಜ್ಜೆ ನಡೆಯಬೇಕು. ಆಮೇಲೆ ಬುರುಡೆಯ ಬಿರಡೆ ತಿರುಗಿಸಬೇಕು. ಗಾಳಿ ಸುಯ್ಯೆಂದು ಒಳನುಗ್ಗುತ್ತದೆ, ತಕ್ಷಣ ಮುಚ್ಚಬೇಕು. ಉಸಿರು ಹಿಡಿಯದಿದ್ದರೆ ಕೆಲಸ ಕೆಟ್ಟಿತು. ಮನುಷ್ಯನ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಯದಕ್ಕಿಂತ ಸುಮಾರು ನೂರು ಪಟ್ಟು ಹೆಚ್ಚು.

ಇಷ್ಟು ಮಡಿಯಿಂದ ಗಾಳಿಯನ್ನು ಅಳೆಯಲು ಶುರುಮಾಡಿದವರು ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯ ರಸಾಯನ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್. 1958ರ ಮಾರ್ಚ್‌ನಲ್ಲಿ ಮೌನಾ ಲೋವಾದ ಉಪಕರಣ ತೋರಿಸಿದ ಮೊದಲ ಅಂಕಿ 313. ಅಂದರೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 313 ಇಂಗಾಲದ ಡೈಆಕ್ಸೈಡಿನವು. ಮುಂದಿನ ತಿಂಗಳುಗಳಲ್ಲಿ ಅಂಕಿ ಏರಿತು, ಇಳಿಯಿತು, ಮತ್ತೆ ಏರಿತು. ಉತ್ತರಾರ್ಧಗೋಳದ ಕಾಡುಗಳು ಬೇಸಿಗೆಯಲ್ಲಿ ಚಿಗುರಿ ಬೆಳೆಯುವಾಗ ಈ ಅನಿಲವನ್ನು ಹೀರಿಕೊಳ್ಳುತ್ತವೆ, ಎಲೆ ಉದುರಿ ಕೊಳೆಯುವಾಗ ಹಿಂತಿರುಗಿಸುತ್ತವೆ. ಹಾಗಾಗಿ ವರ್ಷದ ಗರಿಷ್ಠ ಮಟ್ಟ ಮೇ ತಿಂಗಳಲ್ಲಿ. ಆದರೆ ಪ್ರತಿ ಮೇ ತಿಂಗಳೂ ಹಿಂದಿನ ಮೇ ತಿಂಗಳಿಗಿಂತ ಮೇಲೆಯೇ ಇತ್ತು. 2013ರ ಮೇನಲ್ಲಿ ದಿನದ ಸರಾಸರಿ ಮೊದಲ ಸಲ 400 ಮುಟ್ಟಿತು. 2025ರ ಮೇ ತಿಂಗಳ ಸರಾಸರಿ 430 ದಾಟಿತು.

ಇದು ಹೆಚ್ಚೋ ಕಡಿಮೆಯೋ ಎಂದು ಹೇಳಲು ಹಳೆಯ ಗಾಳಿ ಬೇಕು. ಅದು ಅಂಟಾರ್ಕ್ಟಿಕಾದ ಹಿಮದೊಳಗಿದೆ. ಬಿದ್ದ ಹಿಮ ಪದರ ಪದರವಾಗಿ ಗಟ್ಟಿಯಾಗುವಾಗ ಆ ಕಾಲದ ಗಾಳಿ ಸಣ್ಣ ಗುಳ್ಳೆಗಳಾಗಿ ಒಳಗೆ ಸಿಕ್ಕಿಬೀಳುತ್ತದೆ. ಮೂರು ಕಿಲೋಮೀಟರಿಗೂ ಆಳಕ್ಕೆ ಕೊರೆದು ತೆಗೆದ ಹಿಮದ ಕಂಬಗಳು 8 ಲಕ್ಷ ವರ್ಷಗಳ ಲೆಕ್ಕ ಕೊಟ್ಟಿವೆ. ಈ ಅವಧಿಯಲ್ಲಿ ಹಿಮಯುಗಗಳು ಬಂದುಹೋದವು. ಇಂಗಾಲದ ಡೈಆಕ್ಸೈಡ್ ಸುಮಾರು 180ರಿಂದ 300ರ ನಡುವೆ ಓಲಾಡಿತು. ಕೈಗಾರಿಕಾ ಕ್ರಾಂತಿಗೆ ಮುಂಚೆ 280ರ ಆಸುಪಾಸಿನಲ್ಲಿತ್ತು.

ಕಳ್ಳ ಸಿಕ್ಕಿಬಿದ್ದದ್ದು ಹೇಗೆ?

ಏರಿದ್ದು ನಿಜ. ಆದರೆ ಆ ಹೆಚ್ಚುವರಿ ಅನಿಲ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್, ನೈಸರ್ಗಿಕ ಅನಿಲ ಸುಟ್ಟದ್ದರಿಂದಲೇ ಬಂತು ಅನ್ನುವುದಕ್ಕೆ ಸಾಕ್ಷಿ ಏನು? ಜ್ವಾಲಾಮುಖಿಯಿಂದ ಬಂದಿರಬಾರದೇಕೆ? ಮೌನಾ ಲೋವಾ ಸ್ವತಃ ಜ್ವಾಲಾಮುಖಿಯಲ್ಲವೇ? 2022ರ ನವೆಂಬರಿನಲ್ಲಿ ಅದು ಉಗುಳಿದ ಲಾವಾ ವೀಕ್ಷಣಾಲಯದ ರಸ್ತೆಯನ್ನೂ ವಿದ್ಯುತ್ ತಂತಿಯನ್ನೂ ಕಡಿದುಹಾಕಿ, ಅಳತೆಯನ್ನು ಕೆಲಕಾಲ ಪಕ್ಕದ ಮೌನಾ ಕೇಯ ಪರ್ವತಕ್ಕೆ ಸಾಗಿಸಬೇಕಾಯಿತು.

ಉತ್ತರ ಇಂಗಾಲದ ಪರಮಾಣುವಿನಲ್ಲೇ ಇದೆ. ಇಂಗಾಲದಲ್ಲಿ ಮೂರು ಬಗೆ: ಹಗುರವಾದ ಇಂಗಾಲ-12, ತುಸು ಭಾರದ ಇಂಗಾಲ-13, ಮತ್ತು ವಿಕಿರಣಶೀಲ ಇಂಗಾಲ-14. ಬಾಹ್ಯಾಕಾಶದ ಕಿರಣಗಳು ಬಡಿದು ವಾತಾವರಣದ ಮೇಲ್ಭಾಗದಲ್ಲಿ ಹುಟ್ಟುವ ಇಂಗಾಲ-14, 5,730 ವರ್ಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಇವತ್ತು ತಿಂದ ರಾಗಿಮುದ್ದೆಯಲ್ಲಿ ಅದು ಇದೆ, ಏಕೆಂದರೆ ಆ ರಾಗಿ ಮೊನ್ನೆಮೊನ್ನೆಯ ಗಾಳಿಯಿಂದ ಇಂಗಾಲ ಪಡೆದು ಬೆಳೆದದ್ದು. ನಮ್ಮ ಉಸಿರು ಹವಾಮಾನದ ಲೆಕ್ಕಕ್ಕೆ ಸೇರದಿರುವುದೂ ಇದೇ ಕಾರಣಕ್ಕೆ. ಗಾಳಿಯಿಂದ ಬಂದದ್ದು ಗಾಳಿಗೆ ವಾಪಸಾಗುತ್ತದೆ. ಭಾರತದ ಕಲ್ಲಿದ್ದಲಿನ ಬಹುಭಾಗವಾದರೋ ಸುಮಾರು 25ರಿಂದ 30 ಕೋಟಿ ವರ್ಷ ಹಿಂದಿನದು. ಆಗ ನಮ್ಮ ಭೂಭಾಗ ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾಗಳೊಂದಿಗೆ ಕೂಡಿಕೊಂಡು ಗೊಂಡ್ವಾನಾ ಎಂಬ ಮಹಾಖಂಡವಾಗಿತ್ತು. ಆ ಕಾಲದ ಜೌಗು ಕಾಡುಗಳೇ ಹೂತು ಕಲ್ಲಿದ್ದಲಾಗಿವೆ. ಅದರೊಳಗಿನ ಇಂಗಾಲ-14 ಎಂದೋ ಕರಗಿಹೋಗಿದೆ. ಕಲ್ಲಿದ್ದಲು ಸುಟ್ಟಷ್ಟೂ ಈ ಗುರುತಿಲ್ಲದ ಇಂಗಾಲ ಗಾಳಿಗೆ ಸೇರುತ್ತದೆ, ಗಾಳಿಯಲ್ಲಿ ಇಂಗಾಲ-14ರ ಪಾಲು ಇಳಿಯುತ್ತದೆ. ಹಾನ್ಸ್ ಸ್ಯೂಸ್ ಎಂಬ ವಿಜ್ಞಾನಿ 1955ರಲ್ಲಿ ಮರದ ಕಾಂಡಗಳನ್ನು ಪರೀಕ್ಷಿಸಿ ಕಂಡುಕೊಂಡದ್ದು ಇದನ್ನೇ.

ಸಾಕ್ಷಿ ಅಲ್ಲಿಗೇ ಮುಗಿಯುವುದಿಲ್ಲ. ಗಿಡಗಳಿಗೆ ಹಗುರ ಇಂಗಾಲದ ಮೇಲೆ ಒಲವು ಜಾಸ್ತಿ. ಆದ್ದರಿಂದ ಗಿಡದಿಂದಾದ ಇಂಧನದಲ್ಲಿ ಇಂಗಾಲ-13 ಕಡಿಮೆ. ಗಾಳಿಯಲ್ಲೂ ಅದರ ಪಾಲು ಇಳಿಯುತ್ತ ಬಂದಿದೆ. ಇನ್ನು ಉರಿಯಲು ಆಮ್ಲಜನಕ ಬೇಕು. ಕೀಲಿಂಗರ ಮಗ ರಾಲ್ಫ್ ಕೀಲಿಂಗ್ ಗಾಳಿಯ ಆಮ್ಲಜನಕವನ್ನು ಅತಿ ಸೂಕ್ಷ್ಮವಾಗಿ ಅಳೆದು, ಅದೂ ಇಳಿಯುತ್ತಿದೆ ಎಂದು ತೋರಿಸಿದರು. ಉಸಿರಾಟಕ್ಕೆ ತೊಂದರೆಯಾಗುವಷ್ಟಲ್ಲ, ಆದರೆ ಏನೋ ಉರಿಯುತ್ತಿದೆ ಅನ್ನುವುದಕ್ಕೆ ಅಷ್ಟು ಸಾಕು. ಜ್ವಾಲಾಮುಖಿ ಆಮ್ಲಜನಕ ತಿನ್ನುವುದಿಲ್ಲ. ಜಗತ್ತಿನ ಎಲ್ಲ ಜ್ವಾಲಾಮುಖಿಗಳು ಸೇರಿ ವರ್ಷಕ್ಕೆ ಉಗುಳುವ ಇಂಗಾಲದ ಡೈಆಕ್ಸೈಡ್, ಮನುಷ್ಯರು ಹೊರಬಿಡುವುದರ ನೂರರಲ್ಲಿ ಒಂದು ಪಾಲೂ ಆಗುವುದಿಲ್ಲ.

ಹೆಂಗಸೊಬ್ಬಳ ಗಾಜಿನ ಕೊಳವೆ

ಈ ಅನಿಲ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ ಅನ್ನುವುದು ಹೊಸ ಸಂಗತಿಯಲ್ಲ. ಅಮೆರಿಕದ ಯುನಿಸ್ ಫುಟ್ ಎಂಬಾಕೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ, ಒಳಗೆ ಥರ್ಮಾಮೀಟರ್ ಇಟ್ಟು ಬಿಸಿಲಿಗೆ ಹಿಡಿದರು. ಇಂಗಾಲದ ಡೈಆಕ್ಸೈಡ್ ಇದ್ದ ಕೊಳವೆ ಎಲ್ಲಕ್ಕಿಂತ ಹೆಚ್ಚು ಕಾದಿತು, ಬಿಸಿಲಿನಿಂದ ತೆಗೆದ ಮೇಲೂ ಬೇಗ ಆರಲಿಲ್ಲ. ವಾತಾವರಣದಲ್ಲಿ ಈ ಅನಿಲ ಹೆಚ್ಚಿದ್ದ ಕಾಲದಲ್ಲಿ ಭೂಮಿ ಬಿಸಿಯಾಗಿದ್ದಿರಬೇಕು ಎಂದು ಆಕೆ ಬರೆದದ್ದು 1856ರಲ್ಲಿ, ಭಾರತದಲ್ಲಿ ಸಿಪಾಯಿ ದಂಗೆ ಏಳುವ ಹಿಂದಿನ ವರ್ಷ. ವಿಜ್ಞಾನಿಗಳ ಸಭೆಯಲ್ಲಿ ಆ ಪ್ರಬಂಧ ಓದಿದ್ದು ಆಕೆಯಲ್ಲ, ಜೋಸೆಫ್ ಹೆನ್ರಿ ಎಂಬ ವಿಜ್ಞಾನಿ. ಆಮೇಲೆ ಆಕೆಯ ಹೆಸರು ನೂರೈವತ್ತು ವರ್ಷ ಮರೆವಿಗೆ ಸಂದಿತ್ತು.

ಆಕೆ ಬರೆದ ಮೂರು ವರ್ಷದ ನಂತರ ಲಂಡನ್ನಿನಲ್ಲಿ ವಿಜ್ಞಾನಿ ಜಾನ್ ಟಿಂಡಾಲ್ ಈ ಬಿಸಿ ಹಿಡಿಯುವಿಕೆಯ ಒಳಮರ್ಮ ಬಿಡಿಸಿದರು. ಗಾಳಿಯ ನೂರಕ್ಕೆ 99 ಪಾಲು ಸಾರಜನಕ, ಆಮ್ಲಜನಕ. ನೆಲ ಕಾದು ಹೊರಸೂಸುವ ಅವಗೆಂಪು ಕಿರಣಗಳನ್ನು ಇವೆರಡೂ ತಡೆಯುವುದಿಲ್ಲ. ನೀರಾವಿ, ಇಂಗಾಲದ ಡೈಆಕ್ಸೈಡ್ ತಡೆದು ಹೀರಿಕೊಂಡು, ಒಂದಷ್ಟನ್ನು ನೆಲಕ್ಕೇ ವಾಪಸು ಕಳಿಸುತ್ತವೆ. 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್, ಈ ಅನಿಲ ಎರಡು ಪಟ್ಟಾದರೆ ಭೂಮಿ ಐದಾರು ಡಿಗ್ರಿ ಬಿಸಿಯಾಗುತ್ತದೆಂದು ಕೈಲೆಕ್ಕ ಹಾಕಿದರು. ಅದಕ್ಕೆ ಸಾವಿರಾರು ವರ್ಷ ಬೇಕು ಎಂದೇ ಅವರ ಅಂದಾಜು. 1938ರಲ್ಲಿ ಇಂಗ್ಲೆಂಡಿನ ಉಗಿಯಂತ್ರದ ಎಂಜಿನಿಯರ್ ಗೈ ಕ್ಯಾಲೆಂಡರ್ 147 ಹವಾಮಾನ ಕೇಂದ್ರಗಳ ದಾಖಲೆ ಕೂಡಿಸಿ, ಭೂಮಿ ಬಿಸಿಯಾಗತೊಡಗಿದೆ, ಕಾರಣ ಇಂಧನದ ಹೊಗೆ ಎಂದರು. ಕೇಳಿದವರು ತಲೆ ಕೆಡಿಸಿಕೊಳ್ಳಲಿಲ್ಲ.

ಸೂರ್ಯನೇ ಕಾರಣ ಇರಬಹುದೆಂಬ ವಾದಕ್ಕೂ ಉತ್ತರ ಸಿಕ್ಕಿದೆ. ಸೂರ್ಯ ಪ್ರಖರನಾಗಿದ್ದರೆ ವಾತಾವರಣದ ಕೆಳಪದರವೂ ಮೇಲ್ಪದರವೂ ಕಾಯಬೇಕಿತ್ತು. ಬಿಸಿ ಹಿಡಿಯುವ ಅನಿಲ ಕಾರಣವಾದರೆ ಕೆಳಗೆ ಕಾದು, ಮೇಲಿನ ಸ್ತರಗೋಳ ತಣ್ಣಗಾಗುತ್ತದೆ ಎಂದು ವಿಜ್ಞಾನಿ ಸ್ಯುಕುರೊ ಮನಾಬೆ 1967ರಲ್ಲೇ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದ್ದರು. ಉಪಗ್ರಹಗಳು, ಬಲೂನುಗಳು ಕಂಡದ್ದು ಅದನ್ನೇ. ಮನಾಬೆ ಅವರಿಗೆ 2021ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು.

ಬಿಸಿ ಹೋದದ್ದೆಲ್ಲಿ?

ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 2024ನೇ ಇಸವಿ, 19ನೇ ಶತಮಾನದ ಉತ್ತರಾರ್ಧದ ಸರಾಸರಿಗಿಂತ ಸುಮಾರು 1.55 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿತ್ತು. ಒಂದೂವರೆ ಡಿಗ್ರಿ ಎಂದರೆ ಏನು ಮಹಾ ಅನ್ನಿಸಬಹುದು. ಆದರೆ ಹಿಡಿದಿಟ್ಟ ಹೆಚ್ಚುವರಿ ಶಾಖದ ನೂರಕ್ಕೆ ತೊಂಬತ್ತು ಪಾಲು ಸಮುದ್ರಕ್ಕೆ ಇಳಿದಿದೆ. ಗಾಳಿಯಲ್ಲಿ ಕಾಣುವುದು ಉಳಿದ ಚೂರು ಮಾತ್ರ.

ಕಾದ ಗಾಳಿ ಪ್ರತಿ ಡಿಗ್ರಿಗೆ ಸುಮಾರು ನೂರಕ್ಕೆ 7ರಷ್ಟು ಹೆಚ್ಚು ನೀರಾವಿ ಹೊರಬಲ್ಲದು. ಮಳೆ ಬಂದಾಗ ಒಮ್ಮೆಗೇ ಸುರಿಯುವುದಕ್ಕೆ ಇದೇ ಮುಖ್ಯ ಕಾರಣ. 2024ರ ಜುಲೈ 30ರ ನಸುಕಿನಲ್ಲಿ ಕೊಡಗಿನ ಪಕ್ಕದ ವಯನಾಡಿನಲ್ಲಿ ಗುಡ್ಡ ಕುಸಿದು ಊರಿಗೆ ಊರೇ ಕೊಚ್ಚಿಹೋಯಿತಲ್ಲ, ಅದಕ್ಕೆ ಕಾರಣವಾದ ಆ ಒಂದು ದಿನದ ಮಳೆ ಹವಾಮಾನ ಬದಲಾವಣೆಯಿಂದಾಗಿ ನೂರಕ್ಕೆ 10ರಷ್ಟು ಹೆಚ್ಚಿತ್ತೆಂದು ವಿಜ್ಞಾನಿಗಳ ತಂಡವೊಂದು ಅಂದಾಜಿಸಿತು. ಗುಡ್ಡ ಕಡಿದದ್ದು, ಇಳಿಜಾರಿನಲ್ಲಿ ಕಟ್ಟಿದ್ದು ಬೇರೆ ತಪ್ಪು. ಮಳೆ ಅದರ ಮೇಲೆ ಬಂತು. ಅರಬ್ಬೀ ಸಮುದ್ರವೂ ಕಾದಿದೆ. ಒಂದು ಕಾಲಕ್ಕೆ ಚಂಡಮಾರುತ ಎಂದರೆ ಬಂಗಾಳ ಕೊಲ್ಲಿ ಎಂದಿದ್ದ ನಮ್ಮ ಕರಾವಳಿಯವರು 2021ರ ಮೇನಲ್ಲಿ ತೌಕ್ತೆ ಚಂಡಮಾರುತದ ಅಲೆಗಳನ್ನು ಕಂಡರು.

ಬಿಸಿ ತಟ್ಟೆಗೂ ಬಂತು. 2022ರ ಮಾರ್ಚ್, 1901ರಿಂದ ಈಚೆಗೆ ಭಾರತ ಕಂಡ ಅತಿ ಬಿಸಿ ಮಾರ್ಚ್. ಪಂಜಾಬ್, ಹರಿಯಾಣದಲ್ಲಿ ಹಾಲುಗಾಳು ತುಂಬುವ ಹೊತ್ತಿಗೆ ಬಿಸಿಗಾಳಿ ಬೀಸಿ ಗೋಧಿ ಜೊಳ್ಳಾಯಿತು. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಗೋಧಿ ರಫ್ತು ನಿಲ್ಲಿಸಿತು.

ಇನ್ನೊಂದು ತೊಡಕಿದೆ. ಕಲ್ಲಿದ್ದಲು, ಡೀಸೆಲ್ ಉರಿದಾಗ ಅನಿಲದ ಜೊತೆ ಮಸಿ, ಗಂಧಕದ ಕಣಗಳೂ ಏಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಪಡೆದ ವೀರಭದ್ರನ್ ರಾಮನಾಥನ್ ಮತ್ತು ಸಂಗಡಿಗರು 1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ಹಾರಾಡಿ, ಉಪಖಂಡದಿಂದ ಹೋದ ಕಂದು ಮಬ್ಬು ಸಮುದ್ರಕ್ಕೆ ಬೀಳುವ ಬಿಸಿಲನ್ನೇ ಕಡಿಮೆ ಮಾಡುವುದನ್ನು ಅಳೆದರು. ಮಸಿ ಬಿಸಿ ಹೀರಿದರೂ, ಒಟ್ಟಾರೆಯಾಗಿ ಈ ಕಣಗಳು ಒಂದಷ್ಟು ಬಿಸಿಯನ್ನು ಮರೆಮಾಚಿವೆ. ಆದರೆ ಕಣಗಳು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಗಾಳಿಯಲ್ಲಿದ್ದು ಕೆಳಗಿಳಿಯುತ್ತವೆ. ಇಂಗಾಲದ ಡೈಆಕ್ಸೈಡ್ ಹಾಗಲ್ಲ.

ತುಂಬುತ್ತಿರುವ ತೊಟ್ಟಿ

ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋ. ಅದು ಉರಿದರೆ ಹುಟ್ಟುವ ಇಂಗಾಲದ ಡೈಆಕ್ಸೈಡ್ ಸುಮಾರು 2.3 ಕಿಲೋ. ಸುಟ್ಟದ್ದಕ್ಕಿಂತ ಹೊಗೆ ಹೆಚ್ಚು ತೂಗುವುದು ಹೇಗೆ? ಪೆಟ್ರೋಲಿನ ಒಂದೊಂದು ಇಂಗಾಲದ ಪರಮಾಣುವಿಗೂ ಗಾಳಿಯಿಂದ ಎರಡೆರಡು ಆಮ್ಲಜನಕದ ಪರಮಾಣು ಸೇರಿಕೊಳ್ಳುತ್ತವೆ. ಹೀಗೆ ಜಗತ್ತು ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಹೊರಬಿಡುತ್ತಿದೆ. ಮನುಷ್ಯರು ಹೊರಬಿಟ್ಟದ್ದರಲ್ಲಿ ಕಾಲುಭಾಗವನ್ನು ಸಮುದ್ರ ನುಂಗುತ್ತದೆ, ನುಂಗಿ ತಾನು ಹೆಚ್ಚು ಆಮ್ಲೀಯವಾಗುತ್ತದೆ. ಅದಕ್ಕಿಂತ ತುಸು ಹೆಚ್ಚನ್ನು ಕಾಡು, ಮಣ್ಣು ತೆಗೆದುಕೊಳ್ಳುತ್ತವೆ. ಉಳಿದ ಅರ್ಧದಷ್ಟು ಗಾಳಿಯಲ್ಲೇ ನಿಲ್ಲುತ್ತದೆ, ಅದರಲ್ಲೊಂದು ಪಾಲು ಸಾವಿರಾರು ವರ್ಷ.

ಬಚ್ಚಲಿನ ತೊಟ್ಟಿಗೆ ನಲ್ಲಿ ಜೋರಾಗಿ ಬಿಟ್ಟು, ಕೆಳಗಿನ ತೂತು ಸಣ್ಣದಿದ್ದರೆ ನೀರು ಏರುತ್ತಲೇ ಇರುತ್ತದೆ. ನಲ್ಲಿಯನ್ನು ಅರ್ಧ ತಿರುಗಿಸಿದರೆ ಏರುವ ವೇಗ ತಗ್ಗೀತು, ಮಟ್ಟ ಇಳಿಯದು. ಇಂಗಾಲದ ಕಥೆಯೂ ಅಷ್ಟೇ. ಕಡಿಮೆ ಸುಟ್ಟರೆ ಭೂಮಿ ನಿಧಾನವಾಗಿ ಬಿಸಿಯಾಗುತ್ತದೆ. ಬಿಸಿಯಾಗುವುದು ನಿಲ್ಲಬೇಕಾದರೆ ಹೊರಬಿಡುವುದು ಹೆಚ್ಚುಕಡಿಮೆ ಸೊನ್ನೆಗೆ ಬರಬೇಕು.

ಈ ತೊಟ್ಟಿ ತುಂಬಿಸಿದವರಲ್ಲಿ ನಾವು ಮೊದಲಿಗರಲ್ಲ. ಇದುವರೆಗೆ ಇಂಧನದಿಂದ ಸೇರಿದ ಅನಿಲದ ಸುಮಾರು ಕಾಲುಭಾಗ ಅಮೆರಿಕ ಒಂದರದೇ. ಭಾರತೀಯನ ತಲಾವಾರು ಪಾಲು ವರ್ಷಕ್ಕೆ ಸುಮಾರು ಎರಡು ಟನ್, ಜಗತ್ತಿನ ಸರಾಸರಿಯ ಅರ್ಧಕ್ಕೂ ಕಡಿಮೆ. ಆದರೂ ಒಟ್ಟು ಲೆಕ್ಕದಲ್ಲಿ ಚೀನಾ, ಅಮೆರಿಕ ಬಿಟ್ಟರೆ ಭಾರತವೇ. 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ದೇಶ ಕೊಟ್ಟ ಮಾತು, 2070ಕ್ಕೆ ನಿವ್ವಳ ಸೊನ್ನೆ, ಅಂದರೆ ಹೊರಬಿಟ್ಟಷ್ಟನ್ನೂ ಹಿಂದಕ್ಕೆ ಹೀರಿಕೊಳ್ಳುವ ಸ್ಥಿತಿ.

ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯೇ ಇಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತು ಕಾವೇರಿಯದು, ಆಮೇಲಿನದು ಶರಾವತಿಯದು. ದೊಡ್ಡ ಪ್ರಮಾಣದಲ್ಲಿ ಕಲ್ಲಿದ್ದಲು ಬಂದದ್ದು 1985ರಲ್ಲಿ, ರಾಯಚೂರಿನ ಶಕ್ತಿನಗರದಲ್ಲಿ ಮೊದಲ ಘಟಕ ಶುರುವಾದಾಗ. ಈಗ ಅಲ್ಲಿ 1,720 ಮೆಗಾವಾಟ್, ಬಳ್ಳಾರಿಯ ಕುಡತಿನಿಯಲ್ಲಿ 1,700, ಯರಮರಸಿನಲ್ಲಿ 1,600. ಕಲ್ಲಿದ್ದಲಿನಿಂದ ಒಂದು ಯುನಿಟ್ ತೆಗೆದರೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಏಳುತ್ತದೆ. ಎರಡು ಕಿಲೋವಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಆ ಒಂದು ಯುನಿಟ್ ಮುಗಿಯಿತು.

ಇದೇ ರಾಜ್ಯದ ಪಾವಗಡದಲ್ಲಿ 13,000 ಎಕರೆ ಒಣಭೂಮಿಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದು 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಮಾಡಲಾಗಿದೆ. ಹಗಲು ಅದು ಸಾಕಷ್ಟು ಕೊಡುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೊಡುವುದಿಲ್ಲ. ದೇಶದಲ್ಲೂ ಹೀಗೇ: 2025ರಲ್ಲಿ ಸ್ಥಾಪಿತ ಸಾಮರ್ಥ್ಯದ ಅರ್ಧ ಭಾಗ ಕಲ್ಲಿದ್ದಲು, ಅನಿಲ ಬಿಟ್ಟು ಉಳಿದ ಮೂಲಗಳದಾಯಿತು, ಆದರೂ ಉತ್ಪಾದನೆಯಾಗುವ ವಿದ್ಯುತ್ತಿನ ಸಿಂಹಪಾಲು ಕಲ್ಲಿದ್ದಲಿನದೇ. ಹಗಲಿನದನ್ನು ರಾತ್ರಿಗೆ ಕೂಡಿಡಬೇಕು. ಅದಕ್ಕೆಂದು, ಹಗಲು ನೀರನ್ನು ಮೇಲಕ್ಕೆತ್ತಿಟ್ಟು ರಾತ್ರಿ ಹರಿಸುವಂತೆ ರೂಪಿಸಿದ 2,000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಸಿಂಗಳೀಕಗಳ ಕಾಡಿಗೆ ಕೊಡಲಿ ಹಾಕುತ್ತದೆ ಎಂದು ಮಲೆನಾಡಿನವರು ವಿರೋಧಿಸುತ್ತಿದ್ದಾರೆ. ಬ್ಯಾಟರಿಯೋ, ಮನೆ ಮೇಲಿನ ಸೋಲಾರೋ, ಬೇರೆ ಕಡೆಯ ಜಲಾಶಯವೋ ಎಂಬ ಚರ್ಚೆ ಎಂಜಿನಿಯರುಗಳಿಗಷ್ಟೇ ಬಿಡುವಂಥದ್ದಲ್ಲ.

ವಿದ್ಯುತ್ ದರ ಪರಿಷ್ಕರಣೆಗೆ ಮುಂಚೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾವ ಗ್ರಾಹಕನೂ ಆಕ್ಷೇಪಣೆ ಸಲ್ಲಿಸಬಹುದು, ಹೋಗಿ ಮಾತಾಡಬಹುದು. ಯುನಿಟ್ಟಿಗೆ ಎಷ್ಟು ಪೈಸೆ ಏರಿಸುತ್ತೀರಿ ಎಂದು ಕೇಳುವವರು ಅಲ್ಲಿ ಇದ್ದೇ ಇರುತ್ತಾರೆ. ಆ ಯುನಿಟ್ಟಿನಲ್ಲಿ ಕಲ್ಲಿದ್ದಲಿನ ಪಾಲೆಷ್ಟು, ನಲವತ್ತು ವರ್ಷ ಉರಿದ ರಾಯಚೂರಿನ ಹಳೆಯ ಘಟಕಗಳನ್ನು ಯಾವಾಗ ನಿಲ್ಲಿಸುತ್ತೀರಿ, ಅವುಗಳ ಜಾಗಕ್ಕೆ ಏನು ತರುತ್ತೀರಿ ಎಂಬ ಪ್ರಶ್ನೆಗಳನ್ನೂ ಮುಂದಿನ ವಿಚಾರಣೆಯಲ್ಲಿ ಓದುಗರು ಕೇಳಲಿ.