ಹಾಸಲೂ ಅದೇ, ಹೊದೆಯಲೂ ಅದೇ

ಜೋಯಿಡಾ ಕಡೆ ಎರಡು ರಾತ್ರಿ ಟೆಂಟಿನಲ್ಲಿ ಮಲಗಿ ಬಂದ ತಂಗಿಯ ಮಗ ಮೊದಲು ಮಾಡಿದ ಕೆಲಸವೆಂದರೆ ತನ್ನ ಸ್ಲೀಪಿಂಗ್ ಬ್ಯಾಗನ್ನು ನಮ್ಮ ಮಾಳಿಗೆಯ ತಂತಿಗೆ ನೇತುಹಾಕಿದ್ದು. ಜುಲೈ ಕೊನೆ, ಪುಷ್ಯ ಮಳೆ. ಈ ದಿನಗಳಲ್ಲಿ ರಾಯಾಪುರದಲ್ಲಿ ಬಟ್ಟೆ ಒಣಗಿದರೆ ಅದು ಇಸ್ತ್ರಿಪೆಟ್ಟಿಗೆಯ ಪುಣ್ಯ, ಸೂರ್ಯನದಲ್ಲ. ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗಿನ ಬಾತುಕೋಳಿಯ ಪುಕ್ಕ ಒಂದೆಡೆ ಮುದ್ದೆಗಟ್ಟಿ, ಇನ್ನೊಂದೆಡೆ ಬರೀ ಬಟ್ಟೆ ಉಳಿದಿತ್ತು.

‘ಮಾಮಾ, ಮೈನಸ್ ಐದರ ತನಕಾ ನಡೀತದ ಅಂತ ಬರದಾರ. ಅಲ್ಲೆ ಹದಿನೆಂಟರ ಮ್ಯಾಲ ಇತ್ತು. ಆದ್ರೂ ರಾತ್ರಿಪೂರಾ ಗಡಗಡ ನಡಗೀನಿ’ ಎಂದ.

ಹುಬ್ಬಳ್ಳಿ-ಧಾರವಾಡಗಳ ನಡುವೆ ಚಿಗರಿ ಬಸ್ಸಿನಲ್ಲಿ ಓಡಾಡುವವರಿಗೆ ರಾಯಾಪುರ ಎಂದರೆ ಇಸ್ಕಾನ್ ಗುಡಿ, ಕಾರ್ಖಾನೆಗಳ ಶೆಡ್ಡು, ಟ್ರಕ್ಕುಗಳ ಸಾಲು. ಆದರೆ ಶೆಡ್ಡುಗಳ ಹಿಂದೆ ಇನ್ನೂ ಹೊಲ ಉಳಿದಿದೆ. ವರ್ಷಕ್ಕೊಂದೆರಡು ಸಲ ಅಲ್ಲಿ ಕುರಿ ತರುಬುತ್ತಾರೆ. ಹಿಂಡು ರಾತ್ರಿ ಹೊಲದಲ್ಲಿ ನಿಂತರೆ ಹಿಕ್ಕೆ, ಗಂಜಲ ಹೊಲಕ್ಕೆ. ಪ್ರತಿಯಾಗಿ ಕುರಿಗಾರನಿಗೆ ಕಾಳೋ ರೊಕ್ಕವೋ ಸಿಗುತ್ತದೆ. ಅವತ್ತು ಸಂಜೆ ಕೂಡ ಒಂದು ಹಿಂಡು ಬಂದಿತ್ತು. ಪಡುವಣದ ಜಡಿಮಳೆಯಿಂದ ಕುರಿಗಳ ಗೊರಸು ಕೊಳೆಯುತ್ತದೆ ಎಂದು ಮಳೆ ಕಡಿಮೆ ಇರುವ ಮೂಡಣಕ್ಕೆ ಹೊರಟವರು. ಹಿರಿಯ ಕುರಿಗಾರ ದಿಬ್ಬದ ಮೇಲೆ ಕರಿ ಕಂಬಳಿಯ ಕೊಪ್ಪೆ ಹಾಕಿಕೊಂಡು, ಕಲ್ಲಿನ ಮೇಲೆ ಇನ್ನೊಂದು ಕಲ್ಲಿನಂತೆ ಕುಳಿತಿದ್ದ. ಜಿಟಿಜಿಟಿ ಮಳೆ ಅವನ ಮೇಲೆ ಬಿದ್ದು ಜಾರುತ್ತಿತ್ತು. ರಾತ್ರಿ ಅವನು ಮಲಗುವುದೂ ಅಲ್ಲಿಯೇ, ಅದೇ ಕಂಬಳಿಯಲ್ಲಿ.

ಮಾಳಿಗೆಯ ಮೇಲೆ ಸಾವಿರಾರು ರೂಪಾಯಿಯ ಚೀಲ ಸೋತು ನೇತಾಡುತ್ತಿತ್ತು, ಕೆಳಗೆ ಕಂಬಳಿ ಕೆಲಸ ಮಾಡುತ್ತಿತ್ತು. ಹಳೆಯದೆಲ್ಲ ಚಿನ್ನ ಎಂದು ಭಾಷಣ ಮಾಡುವ ಆಸೆ ನನಗಿಲ್ಲ. ಕಂಬಳಿ ಎಷ್ಟು ಚುಚ್ಚುತ್ತದೆ ಎಂಬುದು ಅದನ್ನು ಹೊದ್ದವರಿಗೆ ಗೊತ್ತು. ಆದರೆ ಚಳಿಯೂ ಮಳೆಯೂ ಒಟ್ಟಿಗೆ ಇರುವ ರಾತ್ರಿಗೆ ಏನು ಹಾಸಬೇಕು, ಏನು ಹೊದೆಯಬೇಕು ಎಂಬ ಲೆಕ್ಕವನ್ನು ಈ ನೆಲ ಒಮ್ಮೆ ಪೂರ್ತಿ ಮಾಡಿ ಮುಗಿಸಿತ್ತು.

ಧಾರವಾಡ ಸೀಮೆಯಲ್ಲಿ ಹಾಸಿಗೆ-ಹೊದಿಕೆಗೆ ಕೊರತೆಯಿಲ್ಲ. ನವಲಗುಂದದ ಜಮಖಾನೆ ಇದೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ ಪ್ರತಿ ಮನೆಯಲ್ಲೂ ಇದೆ. ಚಳಿಗಾಲದಲ್ಲಿ ಕೌದಿಯ ಸುಖಕ್ಕೆ ಸಾಟಿಯಿಲ್ಲ. ಆದರೆ ಕುರಿಗಾರ ಅದನ್ನು ನಂಬಿ ಮಳೆಗಾಲದಲ್ಲಿ ಹೊರಡುವುದಿಲ್ಲ, ಏಕೆಂದರೆ ಅದು ಹತ್ತಿ. ಹತ್ತಿ ನೀರನ್ನು ಎಳೆಯೊಳಗೂ ಎಳೆಗಳ ನಡುವೆಯೂ ತುಂಬಿಕೊಂಡು ಮೈಗೆ ಅಂಟುತ್ತದೆ. ನಮ್ಮನ್ನು ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆಯಲ್ಲಿ ಸಿಕ್ಕಿಕೊಂಡ ಗಾಳಿ. ಗಾಳಿಯ ಜಾಗಕ್ಕೆ ನೀರು ಬಂದರೆ ಶಾಖ ಸುಮಾರು 25 ಪಟ್ಟು ವೇಗವಾಗಿ ಸೋರಿಹೋಗುತ್ತದೆ. ಬಾತುಕೋಳಿ ಪುಕ್ಕದ ಕಥೆಯೂ ಇಷ್ಟೇ. ಒಣಗಿದ್ದಾಗ ತೂಕಕ್ಕೆ ಹೋಲಿಸಿದರೆ ಅದರಷ್ಟು ಬೆಚ್ಚಗಿನ ವಸ್ತು ಸಿಗುವುದು ಕಷ್ಟ, ಒದ್ದೆಯಾದರೆ ಉಬ್ಬು ಇಳಿದು ಬರೀ ಭಾರ.

ಉಣ್ಣೆಯ ಸ್ವಭಾವ ಬೇರೆ. ಅದರ ಎಳೆಯ ಹೊರಮೈ ಹೆಂಚು ಹೊದಿಸಿದ ಮಾಡಿನ ಹಾಗೆ, ಚೂರಿನ ಮೇಲೆ ಚೂರು ಕುಳಿತಿರುತ್ತದೆ. ಹನಿ ಬಿದ್ದರೆ ಜಾರುತ್ತದೆ. ಆವಿಯ ರೂಪದ ತೇವವನ್ನು ಮಾತ್ರ ಎಳೆ ಒಳಗೆ ಎಳೆದುಕೊಳ್ಳುತ್ತದೆ. ತನ್ನ ತೂಕದ ಮೂರನೇ ಒಂದರಷ್ಟು ಹೀರಿದರೂ ಮುಟ್ಟಿದವರಿಗೆ ಒದ್ದೆ ಅನ್ನಿಸುವುದಿಲ್ಲ. ಹಾಗೆ ಹೀರುವಾಗ ಒಂದಿಷ್ಟು ಶಾಖವನ್ನೂ ಬಿಡುತ್ತದೆ. ಎಳೆಯ ಗುಂಗುರು ನೆನೆದರೂ ಪೂರ್ತಿ ಮಲಗದೆ ನಡುವೆ ಗಾಳಿಗೆ ಜಾಗ ಉಳಿಸಿಕೊಳ್ಳುತ್ತದೆ.

ನಮ್ಮ ಕುರಿಗಾರನ ಉಣ್ಣೆ ಮೆರಿನೊ ಅಲ್ಲ, ಡೆಕ್ಕನಿ ಕುರಿಯದು. ಮಹಾರಾಷ್ಟ್ರ, ತೆಲಂಗಾಣ, ಉತ್ತರ ಕರ್ನಾಟಕದ ಒಣ ಬಯಲಿನಲ್ಲಿ ದೂರ ದೂರ ನಡೆದು ಬದುಕುವ ಕರಿಯ ತಳಿ. ದಪ್ಪ, ಒರಟು ಕೂದಲು. ವರ್ಷಕ್ಕೆ ಎರಡು ಸಲ, ಹಳ್ಳದಲ್ಲಿ ಕುರಿ ಮೀಯಿಸಿ, ಕತ್ತರಿಯಿಂದ ಉಣ್ಣೆ ತೆಗೆಯುತ್ತಾರೆ. ಮರಿಯ ಮೊದಲ ಉಣ್ಣೆ ಮೆತ್ತಗಿರುವುದರಿಂದ ಅದಕ್ಕೆ ಬೇರೆಯೇ ಬೆಲೆ. ಬಿಲ್ಲಿನ ಹಗ್ಗ ಮಿಡಿದು ಉಣ್ಣೆ ಬಿಡಿಸುವುದು ಗಂಡಸರ ಕೆಲಸ, ರಾಟೆಯಲ್ಲಿ ನೂಲುವುದು ಹೆಂಗಸರದು. ಬಣ್ಣ ಹಾಕುವುದಿಲ್ಲ; ಕುರಿಯ ಕಪ್ಪೇ ಕಂಬಳಿಯ ಕಪ್ಪು.

ಆಮೇಲೆ ಬರುವುದು ಹುಣಸೆ ಬೀಜ. ಹುರಿದು ಸಿಪ್ಪೆ ತೆಗೆದು, ನೆನೆಹಾಕಿ, ಅರೆದು, ಕುದಿಸಿ ಗಂಜಿ ಮಾಡುತ್ತಾರೆ. ಬಯಲಿನಲ್ಲಿ ಹಾಸನ್ನು, ಅಂದರೆ ಉದ್ದೆಳೆಗಳನ್ನು, ಬಿಗಿದು ಕಟ್ಟಿ ಅದಕ್ಕೆ ಈ ಗಂಜಿ ಸವರುತ್ತಾರೆ. ಮಗ್ಗದ ತಿಕ್ಕಾಟಕ್ಕೆ ನೂಲು ಹರಿಯಬಾರದು ಎಂಬುದು ಮೊದಲ ಉದ್ದೇಶ. ಆದರೆ ನೇಯ್ದ ಮೇಲೂ ಗಂಜಿ ನೂಲಿನ ಸಂದುಗಳಲ್ಲಿ ಕುಳಿತಿರುತ್ತದೆ. ಹೊಸ ಕಂಬಳಿ ತಗಡಿನಂತೆ ಬಿರುಸಾಗಿ ನಿಲ್ಲುವುದು, ಮೊದಮೊದಲು ಮಳೆ ಅದರ ಮೇಲಿಂದ ಹರಿದುಹೋಗುವುದು ಇದರಿಂದಲೇ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುತ್ತಾರೆ. ಹಾಸುಹೊಕ್ಕು ಎಂಬ ಮಾತನ್ನು ನಾವು ಬರೆಯುವವರು ಎಲ್ಲೆಂದರಲ್ಲಿ ತುರುಕುತ್ತೇವೆ. ಆ ಮಾತಿನ ನಿಜವಾದ ಗಟ್ಟಿತನ ತಿಳಿಯಬೇಕಾದರೆ ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯದೋ ಚಳ್ಳಕೆರೆಯದೋ ಕಂಬಳಿಯನ್ನು ಕೈಯಲ್ಲಿ ಹಿಡಿದು ನೋಡಬೇಕು.

ಹೆಸರು ಹಳೆಯದು. ಸಂಸ್ಕೃತದ ಕಂಬಲ ವೇದಕಾಲದ್ದು. ಬುದ್ಧನ ಕಾಲದ ಅಜಿತ ಎಂಬ ದಾರ್ಶನಿಕ ಕೂದಲಿನ ಕಂಬಳಿ ಹೊದೆಯುತ್ತಿದ್ದನಾಗಿ ಕೇಶಕಂಬಲಿ ಎಂದೇ ಹೆಸರಾದ. ಪಾಲಿ ಸುತ್ತವೊಂದರಲ್ಲಿ ಆ ಕೂದಲಿನ ಕಂಬಳಿಯನ್ನು ನೇಯ್ದ ಬಟ್ಟೆಗಳಲ್ಲೇ ಕೀಳು ಎಂದು ಜರೆಯಲಾಗಿದೆ: ಚಳಿಯಲ್ಲಿ ತಣ್ಣಗೆ, ಸೆಕೆಯಲ್ಲಿ ಬಿಸಿ, ಜೊತೆಗೆ ನಾತ. ಹೊದಿಕೆಯ ಬಗ್ಗೆ ಇಷ್ಟು ಹಳೆಯ, ಇಷ್ಟು ನೇರವಾದ ವಿಮರ್ಶೆ ಇನ್ನೊಂದನ್ನು ನಾನು ಓದಿಲ್ಲ. ಅದು ಮನುಷ್ಯರ ಕೂದಲಿನದು, ಕುರಿಯ ಉಣ್ಣೆಯದಲ್ಲ ಎಂಬುದು ಸಮಾಧಾನ.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕನನ್ ಕುರುಬರ ಕಂಬಳಿ ಕಸುಬನ್ನು ಗಮನಿಸಿ ಬರೆದುಕೊಂಡ. ಇಂಗ್ಲಿಷರ ಬಾಯಲ್ಲಿ ಕಂಬಳಿ ‘ಕಂಬ್ಲಿ’ ಆಯಿತು. 1886ರ ಹಾಬ್ಸನ್-ಜಾಬ್ಸನ್ ಕೋಶದಲ್ಲಿ ಆ ಪದಕ್ಕೂ ಜಾಗ ಸಿಕ್ಕಿತು. ನಮ್ಮಲ್ಲಿ ಕಂಬಳಿ ಹೊದಿಕೆಯಷ್ಟೇ ಆಗಿ ಉಳಿಯಲಿಲ್ಲ. ಕುರುಬರಲ್ಲಿ ಮದುವೆಗೆ ಕಟ್ಟುವ ಕಂಕಣದ ಮೇಲೆ ಉಣ್ಣೆಕಂಕಣ, ಹತ್ತಿಕಂಕಣ ಎಂಬ ಒಳಪಂಗಡಗಳಿವೆ. ಮೈಲಾರದ ಗೊರವಯ್ಯ ತೊಡುವುದು ಕರಿ ಕಂಬಳಿ. ಕನಕದಾಸರ ಚಿತ್ರ ಬರೆಯುವವರು ಹೆಗಲ ಮೇಲಿನ ಕಂಬಳಿ ಮರೆಯುವುದಿಲ್ಲ. 2021ರ ಅಕ್ಟೋಬರ್‌ನಲ್ಲಿ ಹಾನಗಲ್, ಸಿಂದಗಿ ಉಪಚುನಾವಣೆಯ ಹೊತ್ತಿಗೆ ಕಂಬಳಿ ಹೊದೆಯುವ ಯೋಗ್ಯತೆ ಯಾರಿಗಿದೆ ಎಂದು ನಾಯಕರು ವೇದಿಕೆಯಿಂದ ವೇದಿಕೆಗೆ ಜಗಳಾಡಿದರು. ಹುಣಸೆ ಬೀಜದ ಪ್ರಸ್ತಾಪ ಯಾರೂ ಮಾಡಲಿಲ್ಲ.

ಸ್ಲೀಪಿಂಗ್ ಬ್ಯಾಗಿನ ಮೂಲವೂ ಕಂಬಳಿಯೇ ಎಂದರೆ ತಂಗಿಯ ಮಗ ನಂಬಲಿಲ್ಲ. ವೇಲ್ಸಿನ ನ್ಯೂಟೌನ್ ಉಣ್ಣೆಯ ಊರು. ಅಲ್ಲಿನ ವ್ಯಾಪಾರಿ ಪ್ರೈಸ್ ಪ್ರೈಸ್-ಜೋನ್ಸ್ 1876ರಲ್ಲಿ ಉಣ್ಣೆಯ ಕಂಬಳಿಯನ್ನು ಮಡಚಿ ಒಳಗೆ ತೂರಿಕೊಳ್ಳುವಂತೆ ಮಾಡಿ, ಊದುವ ರಬ್ಬರ್ ದಿಂಬು ಸೇರಿಸಿ, ‘ಯೂಕ್ಲಿಸಿಯಾ ರಗ್’ ಎಂದು ಹೆಸರಿಟ್ಟು ಪೇಟೆಂಟ್ ಪಡೆದ. ತುರ್ಕಿಯ ಮೇಲೆ ಯುದ್ಧಕ್ಕೆ ಹೊರಟ ರಷ್ಯಾ ಸೈನ್ಯ 60,000 ಬೇಕೆಂದಿತು. ಪ್ಲೆವ್ನಾ ಕೋಟೆ ಬಿದ್ದ ಮೇಲೆ ರಷ್ಯನ್ನರು ಇನ್ನೂ ಬರಬೇಕಿದ್ದ 17,000ವನ್ನು ಬೇಡವೆಂದರು. ಉಳಿದ ಸರಕನ್ನು ಅವನು ಬಡವರ ಹಾಸಿಗೆಯೆಂದು ಮಾರಿದ. ಮುಂದೆ ತೂಕ ಇಳಿಸಲು ಪುಕ್ಕ ಬಂತು, ಪುಕ್ಕ ನೆನೆಯುತ್ತದೆಂದು ಪಾಲಿಯೆಸ್ಟರ್ ತುಂಬಿದರು. ಪಾಲಿಯೆಸ್ಟರ್ ಎಳೆ ನೀರು ಕುಡಿಯುವುದಿಲ್ಲ. ಹಿಂಡಿ ಕೊಡವಿದರೆ ಮತ್ತೆ ಉಬ್ಬುತ್ತದೆ. ಪಶ್ಚಿಮ ಘಟ್ಟದ ಮಳೆಗೆ ಚೀಲವೇ ಬೇಕೆನ್ನುವವರು ಪುಕ್ಕ ಬಿಟ್ಟು ಇದನ್ನು ಕೊಳ್ಳುವುದು ಮೇಲು.

ಇನ್ನು ಮೈನಸ್ ಐದರ ಮಾತು. 2005ರಲ್ಲಿ ಯುರೋಪಿನಲ್ಲಿ ಇಎನ್ 13537 ಎಂಬ ಮಾನದಂಡ ಜಾರಿಗೆ ಬಂತು, ಮುಂದೆ ಅದೇ ಐಎಸ್‌ಒ 23537 ಆಯಿತು. ಬಿಸಿ ಮಾಡಿದ ಗೊಂಬೆಗೆ ಒಳಉಡುಪು ತೊಡಿಸಿ, ಚೀಲದಲ್ಲಿ ಮಲಗಿಸಿ, ಎಷ್ಟು ಶಾಖ ಸೋರುತ್ತದೆಂದು ಅಳೆಯುತ್ತಾರೆ. ಬರುವುದು ಒಂದು ಅಂಕಿಯಲ್ಲ. ‘ಕಂಫರ್ಟ್’ ಎಂಬುದು ಹೆಣ್ಣುಮಗಳೊಬ್ಬಳು ನಿರಾಳವಾಗಿ ನಿದ್ದೆ ಮಾಡುವ ಮಟ್ಟ, ‘ಲಿಮಿಟ್’ ಗಂಡಸೊಬ್ಬ ಮುದುಡಿಕೊಂಡು ಮಲಗುವ ಮಟ್ಟ, ‘ಎಕ್ಸ್‌ಟ್ರೀಮ್’ ಎಂದರೆ ಜೀವ ಉಳಿದರೆ ಸಾಕು ಎಂಬ ಮಟ್ಟ. ನಮ್ಮ ಹುಡುಗ ನೋಡಿದ್ದು ಮೂರನೆಯದನ್ನು. ಪೊಟ್ಟಣದ ಮೇಲೆ ಅದೇ ದೊಡ್ಡಕ್ಷರದಲ್ಲಿತ್ತು. ಮೇಲಾಗಿ ಆ ಗೊಂಬೆಯ ಕೆಳಗೆ ಚಾಪೆ ಇರುತ್ತದೆ, ಚೀಲ ಒಣಗಿರುತ್ತದೆ.

ಇವನು ಚಾಪೆಯನ್ನೇ ಒಯ್ದಿರಲಿಲ್ಲ. ಮೈಭಾರಕ್ಕೆ ಚೀಲದ ಕೆಳಭಾಗ ಅಪ್ಪಚ್ಚಿಯಾದರೆ ಅಲ್ಲಿ ಗಾಳಿ ಉಳಿಯುವುದಿಲ್ಲ, ಹಸಿ ನೆಲ ರಾತ್ರಿಯಿಡೀ ಶಾಖ ಹೀರುತ್ತದೆ. ಸಾಲದ್ದಕ್ಕೆ ಮಳೆ ಬರುತ್ತದೆಂದು ಟೆಂಟಿನ ಬಾಯಿ, ಕಿಟಕಿ ಎಲ್ಲ ಮುಚ್ಚಿದ್ದ. ನಿದ್ದೆಯಲ್ಲಿ ನಮ್ಮ ಉಸಿರು, ಬೆವರಿನಿಂದ ಲೋಟದಷ್ಟು ನೀರು ಹೊರಬೀಳುತ್ತದೆ. ಅದು ಟೆಂಟಿನ ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗಿ ಚೀಲದ ಮೇಲೇ ಬಿದ್ದಿದೆ. ಒಳಗೂ ಮಳೆ, ಹೊರಗೂ ಮಳೆ.

ಮರುದಿನ ಸಂಜೆ ಹಿಂಡು ಇನ್ನೂ ಇತ್ತು. ಹುಡುಗನನ್ನು ಕರೆದುಕೊಂಡು ಹೋದೆ. ಹಿರಿಯ ಹಾಸಿಗೆ ಹಾಸುತ್ತಿದ್ದ. ಮೊದಲು ಜಾಗದ ಆಯ್ಕೆ: ಎರಿ ಹೊಲ ಬಿಟ್ಟು ಪಕ್ಕದ ಮಸಾರಿ ದಿಬ್ಬ. ಎರಿ ಮಣ್ಣು ನೀರು ಹಿಡಿದು ಕೆಸರಾಗುತ್ತದೆ, ಮಸಾರಿಯಲ್ಲಿ ಇಂಗಿ ಹೋಗುತ್ತದೆ. ತಲೆಯ ಕಡೆ ಕೊಡಲಿಯಿಂದ ಗೇಣಗಲದ ಕಾಲುವೆ ಕೆತ್ತಿದ್ದ. ನೆಲಕ್ಕೆ ಜೋಳದ ಕಣಿಕೆ, ಅದರ ಮೇಲೆ ಗೋಣಿತಟ್ಟು, ಅದರ ಮೇಲೆ ಕಂಬಳಿಯ ಅರ್ಧ, ಉಳಿದರ್ಧ ಹೊದೆಯಲು. ಮೇಲೆ ನೀಲಿ ತಾಡಪತ್ರಿ, ಎರಡೂ ಕಡೆ ಬಾಯಿ ತೆರೆದದ್ದು. ತಾಡಪತ್ರಿ ಬಂದ ಮೇಲೆ ಜೀವ ಹಗುರಾಗಿದೆ ಎಂದ. ಬರೀ ಕಂಬಳಿ ನಾಲ್ಕು ದಿನದ ಜಡಿಮಳೆಯನ್ನು ತಡೆಯುವುದಿಲ್ಲ. ಪೂರ್ತಿ ನೆಂದರೆ ಎತ್ತಲಾಗದಷ್ಟು ಭಾರ, ಒಣಗಲು ಎರಡು ದಿನ.

ಕಂಬಳಿ ಎಲ್ಲಿಯದು ಎಂದು ಕೇಳಿದೆ. ‘ನಮ್ಮಪ್ಪಂದರೀ. ಈಗ ನೇಯೋರು ಎಲ್ಲೆದಾರ್ರೀ’ ಎಂದ. ಹಿಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೆಂಗುರಿ, ಎಳಗ. ಮಾಂಸಕ್ಕೆ ಬೇಗ ಬೆಳೆಯುವ, ಉಣ್ಣೆ ಬಾರದ ಜಾತಿ. ಉಳಿದ ಕರಿ ಕುರಿಗಳ ಉಣ್ಣೆ ಕತ್ತರಿಸಲು ಕೊಡುವ ಕೂಲಿಯೂ ಉಣ್ಣೆ ಮಾರಿದರೆ ಹುಟ್ಟುವುದಿಲ್ಲವಂತೆ. ಕಳೆದ ಸಲ ಕತ್ತರಿಸಿದ್ದನ್ನು ಬದುವಿಗೆ ಚೆಲ್ಲಿ ಬಂದೆವು ಎಂದು ಅವನ ಮಗ ನಡುವೆ ಬಾಯಿ ಹಾಕಿದ.

ಹುಡುಗ ಮೊಬೈಲಿನಲ್ಲಿ ಹೊಸ ಚೀಲದ ಚಿತ್ರ ತೋರಿಸಿದ. ಪಾಲಿಯೆಸ್ಟರ್ ತುಂಬಿದ್ದು, ಕೆಳಗೆ ಹಾಸಲು ಫೋಮ್ ಚಾಪೆ, ಕಂಫರ್ಟ್ ಹತ್ತು ಡಿಗ್ರಿ. ಹಿರಿಯ ಕಣ್ಣು ಕಿರಿದು ಮಾಡಿ ನೋಡಿದ. ತೂಕ ಕೇಳಿದ. ಒಂದೂವರೆ ಕಿಲೊ ಎಂದಾಗ ತಲೆದೂಗಿದ. ಅವನ ಕಂಬಳಿ ಮೂರಕ್ಕೆ ಹತ್ತಿರ. ಆಮೇಲೆ ಚಿತ್ರದಲ್ಲಿ ಕುತ್ತಿಗೆವರೆಗೆ ಏರಿದ ಜಿಪ್ಪಿನ ಮೇಲೆ ಬೆರಳಿಟ್ಟ.

‘ತಮ್ಮಾ, ನಡುರಾತ್ರಿ ತ್ವಾಳ ಬಂದು ನಾಯಿ ಬೊಗಳಿತಂದ್ರ, ಇದರಾಗಿಂದ ಎಷ್ಟೊತ್ತಿಗೆ ಎದ್ದ್ ಬರ್ತಿ?’

ಹುಡುಗ ಮನೆಗೆ ಬಂದವನೇ ಮಾಳಿಗೆ ಹತ್ತಿದ. ಇನ್ನೂ ಹಸಿಯಾಗಿದ್ದ ಹಳೆಯ ಚೀಲದೊಳಗೆ ಕಾಲು ತೂರಿಸಿ, ಜಿಪ್ಪು ಏರಿಸಿ, ಮೊಬೈಲಿನಲ್ಲಿ ಸೆಕೆಂಡು ಎಣಿಸುತ್ತ ಬಿಚ್ಚಲು ನೋಡಿದ. ಅರ್ಧಕ್ಕೆ ಬಂದ ಜಿಪ್ಪು ಒಳಗಿನ ಬಟ್ಟೆ ಕಚ್ಚಿಕೊಂಡು ನಿಂತಿತು. ‘ಮಾಮಾ’ ಎಂದು ಕೂಗಿದ.