ವಸೀ ಆಗಲು ಒಪ್ಪುವ ಮುನ್ನ

"ನನ್ನ ನಂತರ ನೀನೇ ಎಲ್ಲ ನೋಡಿಕೊಳ್ಳಬೇಕು" ಎಂದು ಹಿರಿಯರೊಬ್ಬರು ಕೈ ಹಿಡಿದು ಕೇಳಿದರೆ ಇಲ್ಲವೆನ್ನುವುದು ಕಷ್ಟ. ಆದರೆ ವಸಿಯ್ಯತ್ ಜಾರಿಗೊಳಿಸುವ ವಸೀ ಆಗಲು ಒಪ್ಪುವ ಮೊದಲು ಅವರೆದುರೇ ಕುಳಿತು ಸಾಲದ ಪಟ್ಟಿ ಬರೆದುಕೊಳ್ಳಿ. ಪತ್ನಿಗೆ ಕೊಡದೆ ಉಳಿಸಿಕೊಂಡ ಮಹ್ರ್ ಕೂಡಾ ಸಾಲವೇ. ಇದನ್ನೇ ನಮ್ಮವರು ಮರೆಯುವುದು! ಮೊದಲು ದಫನದ ಖರ್ಚು, ಆಮೇಲೆ ಸಾಲ, ಉಳಿದುದರ ಮೂರನೇ ಒಂದರ ಮಿತಿಯೊಳಗೆ ವಸಿಯ್ಯತ್, ಅನಂತರವೇ ವಾರೀಸುದಾರರ ಪಾಲು. ಪವರ್ ಆಫ್ ಅಟಾರ್ನಿ ಇದೆಯೆಂದು ಬ್ಯಾಂಕಿಗೆ ಓಡಬೇಡಿ. ಸಾಮಾನ್ಯವಾಗಿ ಕೊಟ್ಟವರ ಮರಣದೊಂದಿಗೆ ಅದೂ ಮುಗಿಯುತ್ತದೆ.

ಮಕ್ಕಳು ಚಿಕ್ಕವರಾಗಿದ್ದರೆ ಹೊಣೆ ಇನ್ನೂ ಭಾರ. ಅವರ ಹಣವನ್ನು ಬೇರೆಯೇ ಇಟ್ಟು ಪೈಸೆ ಪೈಸೆಗೂ ಲೆಕ್ಕ ಬರೆಯಿರಿ. ಸ್ಥಿತಿವಂತ ಪೋಷಕನು ಅದನ್ನು ಮುಟ್ಟಬಾರದು, ಬಡವನಾದರೆ ನ್ಯಾಯವಾದಷ್ಟೇ ಬಳಸಬೇಕು, ಮರಳಿ ಒಪ್ಪಿಸುವಾಗ ಸಾಕ್ಷಿಗಳಿರಬೇಕು ಎಂಬುದು ಅನ್ನಿಸಾ ಅಧ್ಯಾಯದ 6ನೇ ಸೂಕ್ತದ ಆದೇಶ.