ಗಾಜಿನ ಕಡಲಿನಲ್ಲಿ ರಕ್ತಬೀಜಾಸುರ

2009ನೆಯ ಇಸವಿಯಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ನ್ಯೂಕ್ವೇ ಪಟ್ಟಣದಲ್ಲಿರುವ ‘ಬ್ಲೂ ರೀಫ್’ ಮತ್ಸ್ಯಾಲಯದವರಿಗೆ ವಿಚಿತ್ರವಾದ ಚಿಂತೆಯೊಂದು ಹತ್ತಿತು. ಹವಳಗಳನ್ನು ಸಾಕಿದ್ದ ತೊಟ್ಟಿಯಲ್ಲಿ ಮೀನುಗಳು ಗಾಯಗೊಳ್ಳುತ್ತಿದ್ದವು. ಹವಳಗಳು ತುಂಡಾಗಿ ಬೀಳುತ್ತಿದ್ದವು. ಆದರೆ ಕಳ್ಳನ ಸುಳಿವೇ ಇಲ್ಲ! ಒಡ್ಡಿದ ಬೋನುಗಳೂ ವ್ಯರ್ಥವಾದವು. ಕಡೆಗೆ ತೊಟ್ಟಿಯ ಬಂಡೆಗಳನ್ನು ಒಂದೊಂದಾಗಿ ಎತ್ತಿ ತೆಗೆದಾಗ ಸುಮಾರು 4 ಅಡಿ ಉದ್ದದ, ಬಲವಾದ ದವಡೆಗಳುಳ್ಳ ಕಡಲಹುಳುವೊಂದು ಹೊರಬಿದ್ದಿತು. ಅದನ್ನು ಯಾರೂ ಕೊಂಡು ತಂದಿರಲಿಲ್ಲ. ಎಂದೋ ಬಂಡೆಯ ಬಿರುಕಿನಲ್ಲಿ ಮರಿಯಾಗಿ ಅಡಗಿ ಬಂದು, ಅಲ್ಲಿಯೇ ಉಂಡು ಬೆಳೆದಿರಬೇಕು.

ಉಪ್ಪುನೀರಿನ ತೊಟ್ಟಿಯಲ್ಲಿ ಹವಳ ಸಾಕುವವರೆಲ್ಲರಿಗೂ ಇಂಥ ಕರೆಯದ ಅತಿಥಿಗಳ ಪರಿಚಯವುಂಟು. ತೊಟ್ಟಿಯಲ್ಲಿಡುವ ‘ಜೀವಶಿಲೆ’ ಎಂಬುದು ಸತ್ತ ಹವಳದ ಅಸ್ಥಿ. ಅದರ ರಂಧ್ರಗಳಲ್ಲಿ ನೆಲಸಿದ ಸೂಕ್ಷ್ಮಜೀವಿಗಳು ಮೀನಿನ ಮಲದಿಂದ ಹುಟ್ಟುವ ಅಮೋನಿಯಾ ವಿಷವನ್ನು ಪರಿವರ್ತಿಸಿ ನೀರನ್ನು ಕಾಯುತ್ತವೆ. ಆದರೆ ಅವುಗಳೊಡನೆ ಹುಳು, ಏಡಿ, ಸೀಗಡಿಗಳೂ ಬಂದುಬಿಡುತ್ತವೆ.

ಹಗೆ ಯಾರು, ನೆಂಟ ಯಾರು?

ಬಂದವರೆಲ್ಲ ಹಗೆಗಳಲ್ಲ. ಬಿರುಗೂದಲಿನ ಹುಳುಗಳನ್ನು ಕಂಡು ಹೊಸಬರು ಬೆಚ್ಚುವುದು ಸಹಜ. ಆದರೆ ಅವುಗಳಲ್ಲಿ ಬಹುಪಾಲು ಮೀನು ತಿನ್ನದೆ ಬಿಟ್ಟ ಆಹಾರವನ್ನು ತಿಂದು ತೊಟ್ಟಿಯನ್ನು ಗುಡಿಸುವ ಜಾಡಮಾಲಿಗಳು. ಹವಳವನ್ನೇ ಮೇಯುವ ‘ಬೆಂಕಿಹುಳು’ವಿನ ಜಾತಿ ಬೇರೆ. ಯಾವುದನ್ನೇ ಆಗಲಿ ಬರಿಗೈಯಿಂದ ಮುಟ್ಟಲಾಗದು. ಕೂದಲು ಚರ್ಮಕ್ಕೆ ನಾಟಿ ಉರಿಯುತ್ತದೆ.

ತೊಟ್ಟಿಯೊಳಗಿಂದ ‘ಟಕ್ ಟಕ್’ ಎಂಬ ಸದ್ದು ಕೇಳಿದರೆ ಅದು ಮ್ಯಾಂಟಿಸ್ ಸೀಗಡಿಯದಾಗಿರಬಹುದು; ಗದೆಯಂಥ ಮುಂಗಾಲಿನಿಂದ ಚಿಪ್ಪುಗಳನ್ನು ಒಡೆದು ತಿನ್ನುವ ಜೀವಿಯದು. ಪಿಸ್ತೂಲು ಸೀಗಡಿಯೂ ಹಾಗೆಯೇ ಸದ್ದು ಮಾಡುತ್ತದೆ. ಅದು ಸಾಮಾನ್ಯವಾಗಿ ನಿರುಪದ್ರವಿ. ಆದುದರಿಂದ ದೀಪವಾರಿದ ಮೇಲೆ ಕೆಂಪು ಬೆಳಕಿನ ಟಾರ್ಚು ಹಿಡಿದು ನೋಡುವುದು ಅನುಭವಿಗಳ ಕ್ರಮ. ಆ ಬೆಳಕಿಗೆ ನಿಶಾಚರಿಗಳು ಅಷ್ಟಾಗಿ ಬೆದರುವುದಿಲ್ಲ. ಗುರುತು ಸಿಕ್ಕ ಬಳಿಕ, ಕಿರಿದಾದ ಬಾಯಿಯ ಸೀಸೆಯಲ್ಲಿ ಮೀನಿನ ಚೂರಿಟ್ಟು ಹಿಡಿಯಬಹುದು. ಇಲ್ಲವೆ ಅಡಗಿರುವ ಕಲ್ಲನ್ನೇ ಎತ್ತಿ ಬೇರೆ ಬಕೆಟ್ಟಿಗಿಡಬಹುದು.

ಕತ್ತರಿಸಿದಷ್ಟೂ ಹೆಚ್ಚು

ಎಲ್ಲಕ್ಕಿಂತ ಕಾಡುವುದು ‘ಐಪ್ಟೇಸಿಯಾ’ ಎಂಬ ಪುಟ್ಟ ಕಡಲಹೂವು. ನಸುಗಂದು ಬಣ್ಣ, ಗಾಜಿನಂತೆ ಪಾರಕವಾದ ಮೈ, ನೋಡಲು ಅಂದವೇ. ಆದರೆ ಅದರ ಕುಟುಕಿಗೆ ನೆರೆಯ ಹವಳ ಸಾಯುತ್ತದೆ. ಕಿತ್ತೆಸೆಯಹೋದರೆ ಕಲ್ಲಿಗೆ ಅಂಟಿ ಉಳಿದ ಪಾದದ ಚೂರುಗಳು ಒಂದೊಂದೂ ಹೊಸ ಹೂವಾಗುತ್ತವೆ. ಪುರಾಣದ ರಕ್ತಬೀಜಾಸುರನ ಕಥೆಯೇ ಸರಿ!

ದೇವಿ ರಕ್ತಬೀಜನನ್ನು ಗೆದ್ದದ್ದು ರಕ್ತ ನೆಲಕ್ಕೆ ಬೀಳದಂತೆ ನೋಡಿಕೊಂಡು. ಇಲ್ಲಿಯೂ ಉಪಾಯ ಅಂಥದೇ. ನೀರು ಹರಿಸುವ ಪಂಪನ್ನು ನಿಲ್ಲಿಸಿ, ಸಿರಿಂಜಿನಿಂದ ಸುಣ್ಣದ ಸರಿಯನ್ನು ಅದರ ಬಾಯಿಗೆ ಮೆಲ್ಲನೆ ಬಿಡಬೇಕು. ಇಡಿಯಾಗಿ ನುಂಗಿ ಇಡಿಯಾಗಿ ಸಾಯುತ್ತದೆ. ಸುಣ್ಣ ನೀರಿನ ಕ್ಷಾರವನ್ನು ಏರಿಸುವುದರಿಂದ ಒಮ್ಮೆಗೆ ಕೆಲವನ್ನು ಮಾತ್ರ ಕೊಲ್ಲಬೇಕು. ‘ಬರ್ಗಿಯಾ’ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳುವಿಗಂತೂ ಐಪ್ಟೇಸಿಯಾ ಒಂದೇ ಆಹಾರ. ಪೆಪ್ಪರ್‌ಮಿಂಟ್ ಸೀಗಡಿಯೂ ಅದನ್ನು ತಿನ್ನುವುದುಂಟು. ಆದರೆ ರೂಪ ನಂಬಿ ಅದನ್ನೇ ಹೋಲುವ ಒಂಟೆ ಸೀಗಡಿಯನ್ನು ತಂದರೆ ಹವಳಕ್ಕೇ ಕುತ್ತು!

ಕುದಿನೀರಿನ ಅಪಾಯ

ಬೇಸತ್ತು ಕಲ್ಲನ್ನೇ ಕುದಿನೀರಿಗೆ ಹಾಕುವ ಯೋಚನೆ ಕೆಲವರಿಗೆ ಬರುತ್ತದೆ. ಇದು ಪ್ರಾಣಕ್ಕೆ ಸಂಚಕಾರ. ಕಲ್ಲಿನ ಮೇಲೆ ಗುಂಡಿಗಳಂತೆ ಹಬ್ಬುವ ‘ಪಾಲಿಥೋವ’ ಜಾತಿಯ ಜೀವಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿರಬಹುದು. ಕುದಿಸಿದರೆ ಅದು ಹಬೆಯೊಡನೆ ಉಸಿರಿಗೆ ಸೇರುತ್ತದೆ. ಉಜ್ಜಿದರೂ ಅಪಾಯ ತಪ್ಪದು. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಷೈರಿನ ಸ್ಟೀವನ್‌ಟನ್ ಹಳ್ಳಿಯಲ್ಲಿ ಗೃಹಸ್ಥರೊಬ್ಬರು ತೊಟ್ಟಿಯ ಹವಳವನ್ನು ಹೊರತೆಗೆದು ಶುಚಿಗೊಳಿಸಿದಾಗ, ಮನೆಯವರೂ ನೆರವಿಗೆ ಬಂದವರೂ ಸೇರಿ 10 ಮಂದಿ ಆಸ್ಪತ್ರೆ ಸೇರಬೇಕಾಯಿತು.

ಹೊಸ ಕಲ್ಲನ್ನು ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ಗಮನಿಸುವುದೇ ಇದಕ್ಕೆಲ್ಲ ಮೊದಲ ಮದ್ದು. ಕೈಗವಸು, ಕಣ್ಣಿಗೆ ಕನ್ನಡಕ ಇರಲೇಬೇಕು. ಅಂಗೈಯಗಲದ ಕಲ್ಲಿನೊಡನೆ ಮನೆಗೆ ಬರುವುದು ಕಡಲಿನದೇ ಒಂದು ತುಣುಕು. ಅದರೊಳಗೆ ಯಾರಿದ್ದಾರೆಂದು ಮೊದಲು ತಿಳಿಯಬೇಕು. ಕೈ ಮಾಡುವುದು ಆಮೇಲೆ.